ಹೈಸ್‌ಮನ್ ಟ್ರೋಫಿ: ಮತದಾನ ಮುಂದೂಡುವುದು ಪರಿಹಾರವಲ್ಲ

ಓದುಗರ ಪತ್ರದ ಸಾರಾಂಶ: ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ ನೆಲೆಸಿರುವ ಓದುಗರೊಬ್ಬರು, ಅಲ್ಲಿನ ಕಾಲೇಜು ಫುಟ್‌ಬಾಲಿನ (ಸಾಕರ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್) ಅತ್ಯುನ್ನತ ವೈಯಕ್ತಿಕ ಪ್ರಶಸ್ತಿಯಾದ ಹೈಸ್‌ಮನ್ ಟ್ರೋಫಿಯ ಬಗ್ಗೆ ನಾವು ಪ್ರಕಟಿಸಿದ ಲೇಖನಕ್ಕೆ ಮೂರು ಆಕ್ಷೇಪಗಳನ್ನು ಕಳುಹಿಸಿದ್ದಾರೆ. ಆಟಗಾರರು ಹಣದ ಬೆನ್ನುಹತ್ತಿ ವಿಶ್ವವಿದ್ಯಾಲಯಗಳನ್ನು ಬದಲಿಸುತ್ತಿದ್ದಾರೆ. ಋತುವಿನ ಕೊನೆಯಲ್ಲಿ ಚಾಂಪಿಯನ್ ತಂಡವನ್ನು ನಿರ್ಧರಿಸುವ ಪ್ಲೇಆಫ್ ಪಂದ್ಯಗಳು ಶುರುವಾಗುವ ಮೊದಲೇ ಮತದಾನ ಮುಗಿದುಹೋಗುತ್ತದೆ. ಪ್ರಶಸ್ತಿ ಸದಾ ಕ್ವಾರ್ಟರ್‌ಬ್ಯಾಕ್‌ಗಳ, ಅಂದರೆ ಚೆಂಡನ್ನು ಎಸೆದು ತಂಡದ ಆಕ್ರಮಣವನ್ನು ನಡೆಸುವ ಆಟಗಾರರ, ಪಾಲಾಗುತ್ತದೆ. ಇಂಥ ಪ್ರಶಸ್ತಿಗೆ ಇನ್ನೂ ಅರ್ಥ ಉಳಿದಿದೆಯೇ, ಅದಕ್ಕೆ ಪುಟ ಮೀಸಲಿಡುವ ಅಗತ್ಯವಿದೆಯೇ ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಮಾನ್ಯರೇ,

ತಮ್ಮ ಮೂರು ಆಕ್ಷೇಪಗಳೂ ಒಂದೇ ತೂಕದವಲ್ಲ ಎಂಬುದು ನಮ್ಮ ಅಭಿಪ್ರಾಯ. ಕೊನೆಯದನ್ನು ಪೂರ್ತಿಯಾಗಿ ಒಪ್ಪುತ್ತೇವೆ, ಮೊದಲನೆಯದನ್ನು ಒಪ್ಪಲಾರೆವು, ನಡುವಿನದು ಮೇಲ್ನೋಟಕ್ಕೆ ನ್ಯಾಯವಾಗಿ ಕಂಡರೂ ಅದರಂತೆ ನಡೆದರೆ ಪ್ರಶಸ್ತಿಗೇ ಕುತ್ತು ಬರುತ್ತದೆ ಎಂದು ನಂಬಿದ್ದೇವೆ.

ಹಣದ ಮಾತನ್ನು ಮೊದಲು ಮುಗಿಸೋಣ. ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಯಿಂದ ಸಂಪಾದಿಸಬಹುದೆಂಬ ಅನುಮತಿ ದೊರೆತದ್ದು 2021ರ ಜುಲೈ ತಿಂಗಳಲ್ಲಿ. ಅದಕ್ಕೂ ಮುಂಚೆ ಈ ಆಟದಲ್ಲಿ ಹಣ ಇರಲಿಲ್ಲವೆಂದಲ್ಲ. 2005ರ ವಿಜೇತ ರೆಜಿ ಬುಷ್ ನಿಯಮಬಾಹಿರ ಸೌಲಭ್ಯಗಳನ್ನು ಪಡೆದರೆಂಬ ತೀರ್ಮಾನದ ಹಿನ್ನೆಲೆಯಲ್ಲಿ 2010ರಲ್ಲಿ ಟ್ರೋಫಿಯನ್ನು ಬಿಟ್ಟುಕೊಟ್ಟರು. ಕಾಲೇಜು ಕ್ರೀಡೆಯ ನಿಯಮಗಳೇ ಬದಲಾದ ಮೇಲೆ, 2024ರಲ್ಲಿ, ಅದು ಅವರಿಗೆ ಮರಳಿ ದೊರೆಯಿತು. ಇನ್ನು ತಂಡ ಬದಲಿಸಿದವರ ವಿಷಯಕ್ಕೆ ಬಂದರೆ, ತಾವು ನೆಲೆಸಿರುವ ಕೊಲಂಬಸ್‌ನ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಡುವ ಅವಕಾಶ ಸಾಲದೆ 2018ರಲ್ಲಿ ಲೂಸಿಯಾನಾ ಸ್ಟೇಟ್‌ಗೆ ಹೋದ ಜೋ ಬರೋ ಅವರನ್ನು ನೆನಪಿಸಿಕೊಳ್ಳಿ. 2019ರಲ್ಲಿ ಪ್ರಶಸ್ತಿ ಸ್ವೀಕರಿಸುತ್ತ ಅವರು ಆಗ್ನೇಯ ಓಹಾಯೋದ ಬಡತನದ ಬಗ್ಗೆ, ಶಾಲೆಯಿಂದ ಮನೆಗೆ ಹೋದರೆ ಊಟಕ್ಕಿಲ್ಲದ ಮಕ್ಕಳ ಬಗ್ಗೆ ಮಾತನಾಡಿದರು. ಆ ಮಾತಿಗೆ ಓಗೊಟ್ಟು ಅಲ್ಲಿನ ಅಥೆನ್ಸ್ ಕೌಂಟಿಯ ಆಹಾರ ವಿತರಣಾ ಸಂಸ್ಥೆಗೆ 5 ಲಕ್ಷ ಡಾಲರ್‌ಗೂ ಮಿಕ್ಕ ದೇಣಿಗೆ ಹರಿದುಬಂತು. ಅರ್ಥ ಕಳೆದುಕೊಂಡ ಪ್ರಶಸ್ತಿಯ ವೇದಿಕೆಯಿಂದ ಆಡಿದ ಮಾತನ್ನು ಒಂದು ದೇಶ ಹಾಗೆ ಕಿವಿಗೊಟ್ಟು ಕೇಳುವುದಿಲ್ಲ.

ಮತದಾನದ ವೇಳೆಯ ಪ್ರಶ್ನೆ ಇದಕ್ಕಿಂತ ಗಹನವಾದದ್ದು. 2024ರಿಂದ ಪ್ಲೇಆಫ್‌ನಲ್ಲಿ ನಾಲ್ಕರ ಬದಲು ಹನ್ನೆರಡು ತಂಡಗಳು ಆಡುತ್ತಿವೆ, ವರ್ಷದ ಅತಿ ಕಠಿಣ ಪಂದ್ಯಗಳೆಲ್ಲ ಪ್ರಶಸ್ತಿ ಪ್ರದಾನವಾದ ಮೇಲೆಯೇ ನಡೆಯುತ್ತವೆ, ಆದ್ದರಿಂದ ಅಂತಿಮ ಪಂದ್ಯದವರೆಗೆ ಮತದಾನವನ್ನು ಮುಂದೂಡಬೇಕು ಎಂಬುದು ತಮ್ಮ ಸಲಹೆ. ಆದರೆ ಅದೇ 2024ರ ಫಲಿತಾಂಶವನ್ನು ನೋಡಿ. ಗೆದ್ದವರು ಕೊಲರಾಡೋದ ಟ್ರಾವಿಸ್ ಹಂಟರ್. ಆಕ್ರಮಣ ಮತ್ತು ರಕ್ಷಣೆ ಎರಡರಲ್ಲೂ ಪಂದ್ಯವಿಡೀ ಆಡಿದ ಅವರು, ಎಸೆದ ಚೆಂಡನ್ನು ಹಿಡಿಯುವ ಆಟಗಾರರಲ್ಲಿ (ರಿಸೀವರ್) ಅತ್ಯುತ್ತಮನಿಗೆ ಸಲ್ಲುವ ಬಿಲೆಟ್ನಿಕಾಫ್ ಪ್ರಶಸ್ತಿಯನ್ನೂ ಅತ್ಯುತ್ತಮ ರಕ್ಷಣಾ ಆಟಗಾರನಿಗೆ ಸಲ್ಲುವ ಬೆಡ್ನರಿಕ್ ಪ್ರಶಸ್ತಿಯನ್ನೂ ಒಂದೇ ವರ್ಷ ಪಡೆದರು. ಎರಡನೆಯವರು ಬಾಯ್ಸಿ ಸ್ಟೇಟ್‌ನ ಆಷ್ಟನ್ ಜೆಂಟಿ. ಆ ಋತುವಿನಲ್ಲಿ ಅವರು ಚೆಂಡು ಹಿಡಿದು ಓಡಿ ಗಳಿಸಿದ್ದು ಒಟ್ಟು 2,601 ಗಜ, ಬ್ಯಾರಿ ಸ್ಯಾಂಡರ್ಸ್ 1988ರಲ್ಲಿ ಸ್ಥಾಪಿಸಿದ ದಾಖಲೆಗಿಂತ ಕೇವಲ 27 ಗಜ ಕಡಿಮೆ. ಮತದಾನದಲ್ಲಿ ಇಬ್ಬರ ನಡುವಿನ ಅಂತರ 214 ಅಂಕ. ಕೊಲರಾಡೋ ಪ್ಲೇಆಫ್‌ಗೆ ಬರಲೇ ಇಲ್ಲ. ಬಾಯ್ಸಿ ಸ್ಟೇಟ್ ಅಲ್ಲಿ ತಾನು ಆಡಿದ ಮೊದಲ ಪಂದ್ಯದಲ್ಲೇ ಸೋತಿತು. ಜನವರಿಯ ಅಂತಿಮ ಪಂದ್ಯ ಮುಗಿದ ಮೇಲೆ ಮತ ಹಾಕಿದ್ದರೆ, ಎಲ್ಲರ ಕಣ್ಣೂ ಚಾಂಪಿಯನ್ ತಂಡದ ಮೇಲೆ ನೆಟ್ಟಿರುವಾಗ, ಈ ಇಬ್ಬರಲ್ಲಿ ಯಾರ ಹೆಸರು ಮೊದಲ ಸ್ಥಾನದಲ್ಲಿ ಉಳಿಯುತ್ತಿತ್ತು? ತಂಡದ ಗೆಲುವಿಗೆ ಅದರದೇ ಟ್ರೋಫಿ ಇದೆ. 1956ರಲ್ಲಿ ಎರಡು ಪಂದ್ಯ ಗೆದ್ದು ಎಂಟು ಸೋತ ನೋಟ್ರ ಡೇಮ್ ತಂಡದ ಪಾಲ್ ಹಾರ್ನಂಗ್ ಅವರಿಗೂ ಹೈಸ್‌ಮನ್ ದೊರೆತಿತ್ತು. ಆ ಆಯ್ಕೆ ಸರಿಯೇ ಎಂದು ವಾದಿಸಬಹುದು, ಆದರೆ ಸೋತ ತಂಡದಲ್ಲೂ ಒಬ್ಬನನ್ನು ಗುರುತಿಸುವ ಆ ಸ್ವಾತಂತ್ರ್ಯವನ್ನು ಕಳೆದುಕೊಳ್ಳಬಾರದು.

ಕ್ವಾರ್ಟರ್‌ಬ್ಯಾಕ್‌ಗಳ ವಿಷಯದಲ್ಲಿ ತಮ್ಮ ಬೇಸರ ನಮ್ಮದೂ ಹೌದು. 2000ದಿಂದ 2024ರವರೆಗಿನ 25 ಪ್ರಶಸ್ತಿಗಳಲ್ಲಿ 20 ಅವರಿಗೇ ಹೋಗಿವೆ. ಇದಕ್ಕಿಂತ ನೋವಿನ ಸಂಗತಿಯೆಂದರೆ, 1935ರಿಂದ ನಡೆದುಬಂದಿರುವ ಈ ಪ್ರಶಸ್ತಿ, ಎದುರಾಳಿಯನ್ನು ತಡೆದು ದಾರಿ ಮಾಡಿಕೊಡುವುದನ್ನೇ ಕೆಲಸವಾಗಿಸಿಕೊಂಡ ಆಕ್ರಮಣ ಸಾಲಿನ ಲೈನ್‌ಮನ್ ಒಬ್ಬನಿಗೂ ಇದುವರೆಗೆ ದೊರೆತಿಲ್ಲ. ಮತ ಹಾಕುವ 870 ಪತ್ರಕರ್ತರು ಆರು ಪ್ರಾಂತ್ಯಗಳಲ್ಲಿ ಹಂಚಿಹೋಗಿದ್ದು, ಬಹಳಷ್ಟು ತಂಡಗಳನ್ನು ಟಿವಿಯಲ್ಲಷ್ಟೇ ನೋಡುತ್ತಾರೆ. ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಲೈನ್‌ಮನ್‌ನ ದುಡಿಮೆಗೆ ಗಜಗಳ ಲೆಕ್ಕವೂ ಇಲ್ಲ. ಹಾಗೆಂದು ಅದನ್ನು ನೋಡಲಾಗದು ಎನ್ನುವಂತಿಲ್ಲ. ತಮ್ಮ ಊರಿನವರೇ ಆದ ಆರ್ಚಿ ಗ್ರಿಫಿನ್ 1974 ಮತ್ತು 1975ರಲ್ಲಿ ಎರಡು ಬಾರಿ ಗೆದ್ದದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಹಿಂದಿನ ವರ್ಷ, 1973ರಲ್ಲಿ, ಅದೇ ಗ್ರಿಫಿನ್ ಮತದಾನದಲ್ಲಿ ಐದನೆಯವರಾಗಿದ್ದರು. ಅವರಿಗೆ ದಾರಿ ಬಿಡಿಸಿಕೊಡುತ್ತಿದ್ದ ಓಹಾಯೋ ಸ್ಟೇಟ್‌ನ ಟ್ಯಾಕಲ್ (ಆಕ್ರಮಣ ಸಾಲಿನ ಲೈನ್‌ಮನ್) ಜಾನ್ ಹಿಕ್ಸ್ ಎರಡನೆಯವರಾಗಿದ್ದರು. ಅಂದಿನ ಮತದಾರರಿಗೆ ಕಂಡದ್ದು ಇಂದಿನವರಿಗೂ ಕಾಣಬೇಕು. ಮತಪತ್ರದಲ್ಲಿ ಮೂರು ಹೆಸರುಗಳಿಗೆ ಜಾಗವಿದೆ. ಅದರಲ್ಲಿ ಒಂದಕ್ಕಾದರೂ ಲೈನ್‌ಮನ್‌ಗಳನ್ನು ಗಂಭೀರವಾಗಿ ಪರಿಗಣಿಸುವುದು ಪ್ರತಿ ಮತದಾರನ ಹೊಣೆ ಎಂದೇ ನಾವು ಭಾವಿಸುತ್ತೇವೆ.

ಪುಟ ಮೀಸಲಿಡುವುದನ್ನು ನಿಲ್ಲಿಸುವುದಿಲ್ಲ. ಆದರೆ ತಮ್ಮ ಪತ್ರದ ಕಾರಣದಿಂದ ಒಂದು ಬದಲಾವಣೆ ಮಾಡುತ್ತಿದ್ದೇವೆ: ಮುಂದಿನ ಋತುವಿನಿಂದ ಹೈಸ್‌ಮನ್ ವಿಜೇತನ ಪರಿಚಯದ ಜೊತೆಗೆ, 1946ರಿಂದ ಲೈನ್‌ಮನ್‌ಗಳಿಗಾಗಿಯೇ ನೀಡಲಾಗುತ್ತಿರುವ ಔಟ್‌ಲ್ಯಾಂಡ್ ಟ್ರೋಫಿಯ ವಿಜೇತನ ಪರಿಚಯವನ್ನೂ ಅಷ್ಟೇ ವಿಸ್ತಾರವಾಗಿ ಪ್ರಕಟಿಸುತ್ತೇವೆ.

— ಸಂಪಾದಕ