ಶನಿವಾರ ಸೋಲುತ್ತೇವೆ, ಆದರೂ ನೀನು ಬಾ

ತಮ್ಮಾ, ನೀನು ಬರೆದದ್ದನ್ನು ಪೂರ್ತಿ ಓದಿದೆ. ಲಂಡನ್ ಹತ್ತಿರದ ಈ ಸ್ಲೌಗೆ ಬಂದು ಮೂರು ತಿಂಗಳಾಯ್ತು, ಕೆಲಸ ಪರವಾಗಿಲ್ಲ, ರೂಮು ಪರವಾಗಿಲ್ಲ, ಆದರೆ ಶನಿವಾರ ಬಂತೆಂದರೆ ಏನು ಮಾಡಬೇಕೆಂದೇ ತೋಚುವುದಿಲ್ಲ ಎಂದಿದ್ದೀಯ. ಆಫೀಸಿನಲ್ಲಿ ಎಲ್ಲರೂ ಒಳ್ಳೆಯವರೇ, ಆದರೆ ಮಳೆ ಬಿಸಿಲಿನ ಮಾತು ಮುಗಿದ ಮೇಲೆ ಮುಂದೆ ಏನು ಮಾತಾಡಲಿ ಎಂದು ಕೇಳಿದ್ದೀಯ. ಕೊನೆಯಲ್ಲಿ, "ಅಕ್ಕಾ, ಈ ಶನಿವಾರ ಪಕ್ಕದ ಮೇಡನ್‌ಹೆಡ್‌ಗೆ ಸ್ಲೌ ಟೌನ್ ಫುಟ್‌ಬಾಲ್ ಮ್ಯಾಚ್ ನೋಡಲು ಹೋಗ್ತೀರಂತೆ, ನಾನೂ ಬರಲಾ? ಗೆಲ್ತೀವಾ?" ಎಂದೂ ಕೇಳಿದ್ದೀಯ.

ಕೊನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಖಂಡಿತ ಬಾ. ಗೆಲ್ಲುವುದಿಲ್ಲ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಯಾಕೆ ಸೋಲುತ್ತೇವೆ ಎಂದು ವಿವರವಾಗಿ ಹೇಳುತ್ತೇನೆ, ಅದನ್ನು ತಿಳಿದುಕೊಂಡೇ ಬಾ. ಮೈದಾನದಲ್ಲಿ ನಿನ್ನ ಪಕ್ಕ ನಿಲ್ಲುವವರು ಮಾತಾಡುವುದು ಇದೇ ವಿಷಯವನ್ನು. ನಿನ್ನ ಎರಡನೇ ಪ್ರಶ್ನೆಗೂ ಇದರಲ್ಲೇ ಉತ್ತರ ಇದೆ.

ಮೊದಲು ನಾವು ಎಲ್ಲಿದ್ದೇವೆ ಎಂಬುದು. ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್, ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ ಎಂದು ಮೇಲಿನ ನಾಲ್ಕು ಹಂತಗಳಲ್ಲಿ 92 ಕ್ಲಬ್‌ಗಳಿವೆ. ಅದರ ಕೆಳಗಿನದೆಲ್ಲ ನಾನ್-ಲೀಗ್. ಐದನೇ ಹಂತ ನ್ಯಾಷನಲ್ ಲೀಗ್. ಆರನೇ ಹಂತ ಉತ್ತರ, ದಕ್ಷಿಣ ಎಂದು ಎರಡು ಭಾಗ. ನಮ್ಮ ಸ್ಲೌ ಟೌನ್ ದಕ್ಷಿಣದ್ದರಲ್ಲಿ ಆಡುತ್ತದೆ. ಅಲ್ಲಿ ಮೊದಲು ಬಂದ ಒಂದೇ ತಂಡ ನೇರವಾಗಿ ಮೇಲೆ ಹೋಗುತ್ತದೆ. ಎರಡರಿಂದ ಏಳನೇ ಸ್ಥಾನದವರು ಇನ್ನೊಂದೇ ಒಂದು ಜಾಗಕ್ಕಾಗಿ ಪ್ಲೇಆಫ್ ಆಡಬೇಕು. ಕೊನೆಯ ನಾಲ್ಕು ತಂಡಗಳು ಕೆಳಗೆ ಬೀಳುತ್ತವೆ. ನಾನು ಪ್ರತಿ ವಾರ ಪಟ್ಟಿಯನ್ನು ಕೆಳಗಿನಿಂದ ಓದುತ್ತೇನೆ. ನಮಗೂ ಆ ನಾಲ್ಕಕ್ಕೂ ನಡುವೆ ಎಷ್ಟು ಪಾಯಿಂಟ್ ಇದೆ ಎಂಬುದೊಂದೇ ನನಗೆ ಮುಖ್ಯ.

ಶನಿವಾರದ ಎದುರಾಳಿ ಮೇಡನ್‌ಹೆಡ್ ಯುನೈಟೆಡ್ ನಮಗಿಂತ ಮೇಲಿನ ಹಂತದಲ್ಲಿ ಎಂಟು ಸೀಸನ್ ಆಡಿ ಬಂದ ಕ್ಲಬ್. 2017ರಲ್ಲಿ ದಕ್ಷಿಣ ಲೀಗ್ ಗೆದ್ದು ಮೇಲೆ ಹೋದರು, 2025ರಲ್ಲಿ ಕೆಳಗೆ ಬಂದರು. ಅವರನ್ನು ಮೇಲೆ ಕೊಂಡೊಯ್ದದ್ದು ಮ್ಯಾನೇಜರ್ ಅಲನ್ ಡೆವನ್‌ಶೈರ್. ಈ ಮನುಷ್ಯನ ಕಥೆ ನಿನಗೆ ಗೊತ್ತಿರಬೇಕು. ಹೂವರ್ ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾ ಸೌತಾಲ್ ಕ್ಲಬ್‌ಗೆ ಆಡುತ್ತಿದ್ದರು. ನಮಗೆಲ್ಲ ಸೌತಾಲ್ ಎಂದರೆ ಹಾಗಲಕಾಯಿ, ಕರಿಬೇವು ಸಿಗುವ ಜಾಗ ಅಷ್ಟೇ, ಅಲ್ವಾ? ಅದೇ ಊರಿನ ನಾನ್-ಲೀಗ್ ತಂಡದಿಂದ 1976ರಲ್ಲಿ ಲಂಡನ್ನಿನ ದೊಡ್ಡ ಕ್ಲಬ್ ವೆಸ್ಟ್ ಹ್ಯಾಮ್ ಅವರನ್ನು ಕೊಂಡುಕೊಂಡಿತು. 1980ರಲ್ಲಿ, ಬೇರೆ ಬೇರೆ ಹಂತದ ಕ್ಲಬ್‌ಗಳೆಲ್ಲ ಸೇರಿ ಆಡುವ ಎಫ್‌ಎ ಕಪ್ ಗೆದ್ದ ತಂಡದಲ್ಲಿದ್ದರು, ಇಂಗ್ಲೆಂಡಿಗೂ ಆಡಿದರು. ಅಂಥವರು ವರ್ಷಗಟ್ಟಲೆ ಕೂತು ಕಟ್ಟಿದ ಕ್ಲಬ್ ಅದು. ಒಂದು ಹಂತ ಕೆಳಗೆ ಬಿದ್ದ ಮಾತ್ರಕ್ಕೆ ಆ ಅಭ್ಯಾಸಗಳು ಹೋಗುವುದಿಲ್ಲ.

ಇನ್ನು ನೆಲದ ವಿಷಯ. ನಮ್ಮ ಮೈದಾನ ಆರ್ಬರ್ ಪಾರ್ಕಿನಲ್ಲಿರುವುದು ಕೃತಕ ಹುಲ್ಲು. ಮಳೆ ಬರಲಿ, ಚಳಿ ಇರಲಿ, ಚೆಂಡು ಒಂದೇ ರೀತಿ ಉರುಳುತ್ತದೆ. ನಮ್ಮ ಹುಡುಗರು ಸಣ್ಣ ಸಣ್ಣ ಪಾಸ್ ಕೊಟ್ಟು ಆಡುವುದಕ್ಕೆ ಒಗ್ಗಿಕೊಂಡಿದ್ದಾರೆ. ಮೇಡನ್‌ಹೆಡ್‌ನ ಯಾರ್ಕ್ ರೋಡ್ ಮೈದಾನದಲ್ಲಿ ನಿಜವಾದ ಹುಲ್ಲು. ಡಿಸೆಂಬರ್‌ನಲ್ಲಿ ಅಲ್ಲಿ ಗೋಲಿನ ಮುಂದೆ ಕೆಸರು. ಅದೇ ಪಾಸ್ ಅಲ್ಲಿ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಎದುರಾಳಿ ಚೆಂಡನ್ನು ಎತ್ತಿ ಹೊಡೆಯುತ್ತಾನೆ, ನಮ್ಮವರು ತಲೆ ಎತ್ತುವಷ್ಟರಲ್ಲಿ ಅವರಿಗೆ ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಚೆಂಡು ಒದೆಯುವ ಅವಕಾಶ, ಸಿಕ್ಕಿರುತ್ತದೆ. ಈ ಸೀಸನ್ ಕಾರ್ನರ್ ಬಂದರೆ ನನಗೆ ಎದೆ ಢವಗುಟ್ಟುತ್ತದೆ. ಗೋಲ್‌ಕೀಪರ್ ಮುಂದೆ ಬರಬೇಕೋ ಬೇಡವೋ ಎಂದು ಅರ್ಧ ಕ್ಷಣ ಯೋಚಿಸುತ್ತಾನೆ. ದೂರದ ಕಂಬದ ಹತ್ತಿರ ಯಾರನ್ನು ಯಾರು ಹಿಡಿಯಬೇಕು ಎಂಬುದು ಇನ್ನೂ ತೀರ್ಮಾನವಾದಂತೆ ಕಾಣುವುದಿಲ್ಲ. ಮೊದಲ ಗೋಲು ಅಲ್ಲಿಂದಲೇ ಬರುತ್ತದೆ, ಬರೆದಿಟ್ಟುಕೋ.

ಆದರೆ ಆ ಹುಡುಗರ ಮೇಲೆ ನನಗೆ ಕೋಪವಿಲ್ಲ, ಯಾಕೆ ಎಂದು ನಿನಗೂ ಗೊತ್ತಾಗಲಿ. ಈ ಹಂತದಲ್ಲಿ ತುಂಬಾ ಜನ ಆಟಗಾರರಿಗೆ ಹಗಲು ಬೇರೆ ಕೆಲಸ ಇರುತ್ತದೆ. ಒಬ್ಬ ಶಾಲೆಯಲ್ಲಿ ಕಲಿಸುತ್ತಾನೆ, ಇನ್ನೊಬ್ಬ ಕಟ್ಟಡದ ಕೆಲಸ ಮಾಡುತ್ತಾನೆ, ಮತ್ತೊಬ್ಬ ವ್ಯಾನ್ ಓಡಿಸುತ್ತಾನೆ. ವಾರಕ್ಕೆ ಎರಡು ಸಂಜೆ ಅಭ್ಯಾಸ ಮಾಡಿ ಶನಿವಾರ ಆಡುತ್ತಾರೆ. ಮಂಗಳವಾರ ರಾತ್ರಿ ದೂರದ ಊರಿನಲ್ಲಿ ಪಂದ್ಯ ಇದ್ದರೆ ಕೆಲಸದಿಂದ ಬೇಗ ಹೊರಟು, ಮಧ್ಯರಾತ್ರಿ ದಾಟಿದ ಮೇಲೆ ಮನೆ ಸೇರಿ, ಬುಧವಾರ ಬೆಳಗ್ಗೆ ಮತ್ತೆ ಕೆಲಸಕ್ಕೆ ಹೋಗುತ್ತಾರೆ. ಇಬ್ಬರಿಗೆ ಗಾಯವಾದರೆ ಬೆಂಚಿನ ಮೇಲೆ ಹದಿಹರೆಯದವರು ಬಂದು ಕೂರುತ್ತಾರೆ. ದೊಡ್ಡ ಕ್ಲಬ್‌ಗಳು ಸ್ವಲ್ಪ ಕಾಲಕ್ಕೆಂದು ನಮಗೆ ಕೊಟ್ಟು ಕಳಿಸುವ ಹುಡುಗರೂ ಇದ್ದಾರೆ. ಚೆನ್ನಾಗಿ ಆಡಿ ನಾವು ಹೆಸರು ಕೂಗುವುದಕ್ಕೆ ಶುರು ಮಾಡಿದ ಹೊತ್ತಿಗೆ ಅವರ ಕ್ಲಬ್ ವಾಪಸ್ ಕರೆಸಿಕೊಳ್ಳುತ್ತದೆ. ಹೀಗಿರುವಾಗ ಆರು ಪಂದ್ಯ ಒಂದೇ ತಂಡ ಇಳಿಸುವುದೇ ಕಷ್ಟ. ಗೆಲುವಿನ ಭರವಸೆ ಎಲ್ಲಿಂದ ತರಲಿ?

ನಮ್ಮ ಕಡೆ ಅಭಿಮಾನಿಗಳ ರೀತಿ ಬೇರೆ. ಆರ್‌ಸಿಬಿಗೆ 2008ರಿಂದ 2025ರವರೆಗೆ ಕಪ್ ಸಿಗಲಿಲ್ಲ. ಆದರೂ ಪ್ರತಿ ಮಾರ್ಚ್‌ನಲ್ಲಿ "ಈ ಸಲ ಕಪ್ ನಮ್ದೇ" ಎಂದೇ ಹೇಳುತ್ತಿದ್ದೆವು. ನಾನೂ ಹೇಳಿದ್ದೇನೆ, ಮನಸಾರೆ. ಇಲ್ಲಿ ಹಾಗೆ ಮುಂಚೆಯೇ ಹೇಳಿದರೆ ಪಕ್ಕದವರು ಗಾಬರಿಯಾಗಿ ನೋಡುತ್ತಾರೆ. ಪಂದ್ಯದ ಮೊದಲು ಒಬ್ಬರು "ಇವತ್ತು ಮೂರು ಬೀಳುತ್ತೆ" ಎನ್ನುತ್ತಾರೆ, ಇನ್ನೊಬ್ಬರು "ಮೂರಕ್ಕೆ ನಿಂತರೆ ಸಾಕು" ಎನ್ನುತ್ತಾರೆ. ಹೊಸದರಲ್ಲಿ ನನಗೆ ಇದು ಬೇಸರ ಅನ್ನಿಸುತ್ತಿತ್ತು. ಇಷ್ಟು ಸೋಲು ಕಾಣುವವರು ಯಾಕೆ ಬರುತ್ತಾರೆ ಎಂದುಕೊಳ್ಳುತ್ತಿದ್ದೆ. ಕೇಳುತ್ತಾ ಕೇಳುತ್ತಾ ಗೊತ್ತಾಯಿತು: ಅವರು ಮಾತಿನಲ್ಲಿ ಸೋಲು ಹೇಳುತ್ತಾರೆ, ಆದರೆ ತೊಂಬತ್ತನೇ ನಿಮಿಷದವರೆಗೂ ಯಾರೂ ಜಾಗ ಬಿಟ್ಟು ಕದಲುವುದಿಲ್ಲ. ಇಲ್ಲಿನವರು ತಮಗೆ ತುಂಬಾ ಬೇಕಾದದ್ದರ ಬಗ್ಗೆ ದೊಡ್ಡ ಮಾತು ಆಡುವುದಿಲ್ಲ. ಮನೆ, ಮಕ್ಕಳು, ಕಾಯಿಲೆ, ಯಾವುದರ ಬಗ್ಗೆಯೂ ಅಷ್ಟೇ. ನಿನ್ನ ಆಫೀಸಿನವರು ಮಳೆಯ ಮಾತು ಆದ ಮೇಲೆ ಸುಮ್ಮನಾಗುವುದೂ ಇದಕ್ಕೇ. ಅವರ ಜೊತೆ ಕೂತು ಒಟ್ಟಿಗೆ ಚಿಂತೆ ಮಾಡುವ ವಿಷಯ ಒಂದು ಸಿಗಬೇಕು. ಆಮೇಲೆ ಅವರೇ ಮಾತಾಡುತ್ತಾರೆ.

ಸ್ಲೌ ಟೌನ್‌ಗೆ ಚಿಂತೆಯ ಇತಿಹಾಸವೂ ದೊಡ್ಡದು. 1890ರಲ್ಲಿ ಶುರುವಾದ ಕ್ಲಬ್. 2003ರಲ್ಲಿ ವೆಕ್ಸಮ್ ಪಾರ್ಕ್ ಮೈದಾನ ಕೈಬಿಟ್ಟು ಹೋಯಿತು. ಅಲ್ಲಿಂದ 13 ವರ್ಷ ಸ್ಲೌ ಹೆಸರಿನ ತಂಡಕ್ಕೆ ಸ್ಲೌನಲ್ಲಿ ನೆಲೆಯೇ ಇರಲಿಲ್ಲ. ಮೊದಲು ವಿಂಡ್ಸರ್‌ನಲ್ಲಿ, ಆಮೇಲೆ ಬೀಕನ್ಸ್‌ಫೀಲ್ಡ್‌ನಲ್ಲಿ ಬೇರೆಯವರ ಮೈದಾನದಲ್ಲಿ ಬಾಡಿಗೆಗೆ ಇದ್ದರು. ಮನೆಯ ಪಂದ್ಯ ನೋಡುವುದಕ್ಕೂ ಬೇರೆ ಊರಿಗೆ ಹೋಗಬೇಕಾಗಿತ್ತು. ಎಷ್ಟೋ ಕ್ಲಬ್‌ಗಳು ಅಂಥ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡವು. ಇದು ಉಳಿಯಿತು. ಟಿಕೆಟ್ ಹರಿಯುವವರು, ಚಹಾ ಮಾಡುವವರು, ಕಾರ್ಯಕ್ರಮ ಪುಸ್ತಕ ಮಾರುವವರು, ಎಲ್ಲ ಸಂಬಳ ಇಲ್ಲದೆ ದುಡಿದರು. 2016ರಲ್ಲಿ ಆರ್ಬರ್ ಪಾರ್ಕ್‌ಗೆ ಬಂದದ್ದು ಅವರಿಗೆ ಊರಿಗೆ ಮರಳಿದ ಹಾಗೆ. ಆ 13 ವರ್ಷ ವಿಂಡ್ಸರ್‌ಗೂ ಬೀಕನ್ಸ್‌ಫೀಲ್ಡ್‌ಗೂ ಬಿಡದೆ ಹೋದವರು ಈಗಲೂ ಬೇಲಿಯ ಹತ್ತಿರ ನಿಲ್ಲುತ್ತಾರೆ. ಒಳ್ಳೆಯದು ನಡೆದರೂ ಅವರು ಪೂರ್ತಿ ನಂಬುವುದಿಲ್ಲ. ಅದು ನನಗೆ ತುಂಬಾ ಅರ್ಥವಾಗುತ್ತದೆ. ವೀಸಾ ನವೀಕರಣದ ಕಾಗದಕ್ಕೆ ಕಾಯುತ್ತಾ ವರ್ಷಗಳನ್ನು ಕಳೆದವರಿಗೆಲ್ಲ ಅರ್ಥವಾಗುತ್ತದೆ.

ಒಳ್ಳೆಯದೂ ನಡೆದಿದೆ ಎಂದು ಹೇಳದಿದ್ದರೆ ತಪ್ಪಾಗುತ್ತದೆ. 2017ರಲ್ಲಿ ಎಫ್‌ಎ ಕಪ್ ಮೊದಲ ಸುತ್ತಿನಲ್ಲಿ ಗೇನ್ಸ್‌ಬರೋಗೆ ಹೋಗಿ 6-0 ಗೆದ್ದರು. ಎರಡನೇ ಸುತ್ತಿಗೆ ಲೀಗ್ ಒನ್‌ನ ರಾಚ್‌ಡೇಲ್ ನಮ್ಮ ಮೈದಾನಕ್ಕೆ ಬಂತು. ಆಗಲೂ ಎಲ್ಲರೂ ಸೋಲು ಎಂದರು, 0-4 ಆಯಿತು. ಮುಂದಿನ ಮೇ ತಿಂಗಳಿನಲ್ಲಿ ಕಿಂಗ್ಸ್ ಲಿನ್‌ನಲ್ಲಿ ಪ್ಲೇಆಫ್ ಗೆದ್ದು ಈಗಿರುವ ಹಂತಕ್ಕೆ ಬಂದರು. ನಮ್ಮದೇ ಲೀಗಿನ ಮೇಡ್‌ಸ್ಟೋನ್ 2024ರ ಜನವರಿಯಲ್ಲಿ ಇಪ್ಸ್‌ವಿಚ್ ಊರಿಗೇ ಹೋಗಿ ಅವರನ್ನು 2-1ರಿಂದ ಹೊಡೆಯಿತು, ಆ ಇಪ್ಸ್‌ವಿಚ್ ಅದೇ ವರ್ಷ ಪ್ರೀಮಿಯರ್ ಲೀಗ್‌ಗೆ ಏರಿತು. ಆದ್ದರಿಂದ ಇಂಥವು ನಡೆಯುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಈ ಶನಿವಾರ, ಆ ಕೆಸರಿನಲ್ಲಿ, ಈ ರಕ್ಷಣೆ ಇಟ್ಟುಕೊಂಡು ನಡೆಯುವುದಿಲ್ಲ ಎನ್ನುತ್ತೇನೆ.

ನಮ್ಮಂಥವರು ಅಲ್ಲಿ ಹೊಂದಿಕೊಳ್ಳುತ್ತೇವಾ ಎಂದು ನೀನು ನೇರವಾಗಿ ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದೆ ಎಂದು ಗೊತ್ತು. 2021ರ ಜನಗಣತಿಯ ಪ್ರಕಾರ ಸ್ಲೌನಲ್ಲಿ ಅರ್ಧಕ್ಕೆ ಹತ್ತಿರ ಜನ ಏಷ್ಯಾ ಮೂಲದವರು. ಮೈದಾನದಲ್ಲಿ ಅಷ್ಟು ಕಾಣಿಸುವುದಿಲ್ಲ, ಅದು ನನಗೆ ಬೇಸರದ ವಿಷಯ. ಫುಟ್‌ಬಾಲ್ ಮೈದಾನಗಳಲ್ಲಿ ಹಿಂದೆ ನಮ್ಮವರು ಕೇಳಿಸಿಕೊಂಡ ಮಾತುಗಳು ಸುಳ್ಳಲ್ಲ. ಅದಕ್ಕೆ ಎಷ್ಟೋ ಹಿರಿಯರು ಇವತ್ತಿಗೂ ಹತ್ತಿರ ಸುಳಿಯುವುದಿಲ್ಲ. ನನ್ನ ಅನುಭವ ಮಾತ್ರ ಹೇಳಬಲ್ಲೆ: ಸ್ಲೌ ಟೌನ್‌ನ ಬೇಲಿಯ ಹತ್ತಿರ ನನ್ನನ್ನು ಯಾರೂ ಎಲ್ಲಿಂದ ಬಂದೆ ಎಂದು ಕೇಳಲಿಲ್ಲ, ಬೆಂಚಿನಲ್ಲಿರುವ ಹುಡುಗನನ್ನು ಇಳಿಸಬೇಕಾ ಎಂದು ಕೇಳಿದರು. ಎರಡು ವಾರ ಹೋಗದಿದ್ದರೆ ಹುಷಾರಾಗಿದ್ದೀರಾ ಎಂದು ವಿಚಾರಿಸುತ್ತಾರೆ. ಕನ್ನಡ ಬಳಗದ ಯುಗಾದಿ, ದೀಪಾವಳಿಗೂ ಹೋಗು, ಅಲ್ಲಿ ಮನಸ್ಸಿಗೆ ಹಿತ. ಆದರೆ ಅವು ವರ್ಷಕ್ಕೆ ಕೆಲವೇ ಸಲ. ಡಿಸೆಂಬರ್‌ನ ಸಾಮಾನ್ಯ ಶನಿವಾರಗಳನ್ನು ದಾಟುವುದಕ್ಕೆ ಹತ್ತಿರದಲ್ಲೇ ಏನಾದರೂ ಬೇಕು.

ಈಗ ಹೊರಡುವ ವಿಷಯ. ಪಂದ್ಯ ಮಧ್ಯಾಹ್ನ 3 ಗಂಟೆಗೆ. ಇಲ್ಲಿ ಶನಿವಾರ 2.45ರಿಂದ 5.15ರವರೆಗೆ ಟಿವಿಯಲ್ಲಿ ಫುಟ್‌ಬಾಲ್ ನೇರ ಪ್ರಸಾರ ಮಾಡುವಂತಿಲ್ಲ. ಸಣ್ಣ ಕ್ಲಬ್‌ಗಳಿಗೆ ಜನ ಬರಲಿ ಎಂದು 1960ರ ದಶಕದಿಂದ ಇರುವ ನಿಯಮ. ಸ್ಲೌ ಸ್ಟೇಷನ್‌ನಿಂದ ಎಲಿಜಬೆತ್ ಲೈನ್ ಹಿಡಿದರೆ ಬರ್ನಮ್, ಟ್ಯಾಪ್ಲೊ, ಆಮೇಲೆ ಮೇಡನ್‌ಹೆಡ್. ಇಳಿದು ಐದು ನಿಮಿಷ ನಡೆದರೆ ಮೈದಾನ, ರೈಲು ಹಳಿಯ ಪಕ್ಕದಲ್ಲೇ. ಮೇಡನ್‌ಹೆಡ್ 1871ರಿಂದ ಅಲ್ಲೇ ಆಡುತ್ತಿದೆ. ಒಂದೇ ಕ್ಲಬ್ ಇಷ್ಟು ಕಾಲ ಬಿಡದೆ ಆಡಿದ ಮೈದಾನಗಳಲ್ಲಿ ಜಗತ್ತಿನಲ್ಲೇ ಹಳೆಯದು ಎಂದು ಅವರು ಹೆಮ್ಮೆಪಡುತ್ತಾರೆ, ಆ ಹೆಮ್ಮೆಗೆ ಅರ್ಥವಿದೆ. ಎದುರಾಳಿಗಳಾದರೂ ಒಳಗೆ ಹೋದ ತಕ್ಷಣ ಒಂದು ಸುತ್ತು ಹಾಕಿ ನೋಡೋಣ.

ಟಿಕೆಟ್ ಬಾಗಿಲಲ್ಲೇ ಸಿಗುತ್ತದೆ, ಕಾರ್ಡ್ ತಗೊಂಡು ಬಾ. ಕಾಲಿಗೆ ಎರಡು ಜೊತೆ ಕಾಲುಚೀಲ ಹಾಕು. ತಲೆಗೆ ಟೋಪಿ ಮರೆಯಬೇಡ, ನಾಲ್ಕು ಗಂಟೆಗೆಲ್ಲ ಕತ್ತಲಾಗಿ ಚಳಿ ಏರುತ್ತದೆ. ತಿನ್ನಲು ಚಿಪ್ಸ್ ಸಿಗುತ್ತದೆ, ಚಹಾ ಸಿಗುತ್ತದೆ, ಮಾಂಸ ತಿನ್ನದಿದ್ದರೆ ಬೇರೆ ಹೆಚ್ಚೇನೂ ಇರುವುದಿಲ್ಲ. ನಾನು ಚಪಾತಿ ಪಲ್ಯ ಸುತ್ತಿಕೊಂಡು ಬರುತ್ತೇನೆ, ನಿನಗೂ ಸೇರಿಸಿ. ಈ ಹಂತದಲ್ಲಿ ಬಿಯರ್ ಹಿಡಿದುಕೊಂಡು ಆಟ ನೋಡಬಹುದು, ಐದನೇ ಹಂತ ಮತ್ತು ಅದಕ್ಕಿಂತ ಮೇಲೆ ಕಾನೂನು ಬಿಡುವುದಿಲ್ಲ. ಕುಡಿಯದಿದ್ದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಎರಡೂ ಕಡೆಯ ಅಭಿಮಾನಿಗಳನ್ನು ಬೇರೆ ಬೇರೆ ಜಾಗದಲ್ಲಿ ನಿಲ್ಲಿಸದಿದ್ದರೆ ಅರ್ಧ ಆಟ ಮುಗಿದಾಗ ನಾವೆಲ್ಲ ನಡೆದು ಆ ಕಡೆಯ ಗೋಲಿನ ಹಿಂದೆ ಹೋಗುತ್ತೇವೆ, ನಮ್ಮ ತಂಡ ಗೋಲು ಹೊಡೆಯಬೇಕಾದ ಕಡೆಗೆ. ಆ ನಡಿಗೆಯಲ್ಲಿ ಯಾರ ಪಕ್ಕದಲ್ಲಾದರೂ ಸೇರಿಕೊಂಡು ಕಾರ್ನರ್ ಬಗ್ಗೆ ಕೇಳು. ಮಾತು ನಿಲ್ಲುವುದಿಲ್ಲ.

ಒಂದು ಎಚ್ಚರಿಕೆ. ಶುಕ್ರವಾರ ಮಳೆ ಜಾಸ್ತಿಯಾದರೆ, ಅಥವಾ ರಾತ್ರಿ ನೆಲ ಹೆಪ್ಪುಗಟ್ಟಿದರೆ, ಬೆಳಗ್ಗೆ ರೆಫರಿ ಮೈದಾನ ನೋಡಿ ಪಂದ್ಯ ಮುಂದೂಡಬಹುದು. ಹತ್ತು ಗಂಟೆಗೆ ಫೋನ್ ಮಾಡಿ ಕೇಳಿಕೊಂಡು ಹೊರಡು. ಆಟ ಇದ್ದರೆ ಒಂದೂವರೆಗೆ ಸ್ಲೌ ಸ್ಟೇಷನ್‌ನಲ್ಲಿ ಸಿಗು. ನನ್ನ ಲೆಕ್ಕ ಮೇಡನ್‌ಹೆಡ್‌ಗೆ 3-1. ನಮ್ಮ ಒಂದು ಗೋಲು ಕೊನೆಯ ಹತ್ತು ನಿಮಿಷದಲ್ಲಿ ಬರುತ್ತದೆ, ಆದ್ದರಿಂದ ಬೇಗ ಹೊರಡೋಣ ಎಂದು ಮಾತ್ರ ಹೇಳಬೇಡ.