ಎಲ್ಲಿ ಕಲಿತೆ ಅಂತ ಯಾಕೆ ಕೇಳಬೇಕು?

ಓದುಗರ ಪತ್ರ: "ನಾವು ಟೆಕ್ಸಾಸ್‌ನಲ್ಲಿದ್ದೇವೆ. ಮಗನಿಗೆ ಹದಿನೈದು. ಐದನೇ ತರಗತಿಯಿಂದ ಮನೆಯಲ್ಲೇ ಓದುತ್ತಿದ್ದಾನೆ. ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಮಾಡಿದವಳು, ನಾನೇ ಕಲಿಸುತ್ತೇನೆ. ಇಲ್ಲಿ ಕ್ಲೆಪ್ ಅಂತ ಪರೀಕ್ಷೆಗಳಿವೆ. ಪಾಸಾದರೆ ಮುಂದೆ ಕಾಲೇಜಿನಲ್ಲಿ ಆ ವಿಷಯದ ಕ್ರೆಡಿಟ್ ಸಿಗುತ್ತದೆ, ಅಂದರೆ ಅದನ್ನು ಅಲ್ಲಿ ಮತ್ತೆ ಓದಬೇಕಿಲ್ಲ. ಇವನಿಗೆ ಈಗಲೇ ಬರೆಸಬೇಕು ಅಂತ ನನ್ನ ಆಸೆ. ಅದು ಅಡ್ಡದಾರಿ ಅನ್ನುತ್ತಾರೆ ನಮ್ಮನೆಯವರು. ಊರಿಂದ ಅತ್ತೆ ಫೋನ್ ಮಾಡಿದಾಗಲೆಲ್ಲ 'ಸ್ಕೂಲಿಗೇ ಹೋಗದ ಹುಡುಗನಿಗೆ ಎಂಥ ಕಾಲೇಜು' ಅಂತ ಕೇಳುತ್ತಾರೆ. ನೀವೇನು ಹೇಳುತ್ತೀರಿ?" — ಹೆಸರು ಬೇಡವೆಂದ ಓದುಗರು

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ 'ಅಡ್ಡದಾರಿ' ಅನ್ನುವ ಪದ ಬಂದಲ್ಲಿ ನಿಂತುಬಿಟ್ಟೆ. ನಮ್ಮ ಅಕ್ಕ ಹೋದದ್ದೂ ಆ ದಾರಿಯಲ್ಲೇ.

ಅಕ್ಕ ಎಸ್ಸೆಸ್ಸೆಲ್ಸಿ ಮುಗಿಸಿದಾಗ ಕಾಲೇಜು ಇದ್ದದ್ದು ಹನ್ನೆರಡು ಮೈಲಿ ದೂರದ ಪೇಟೆಯಲ್ಲಿ. ಹೆಣ್ಣುಮಗಳು ದಿನಾ ಬಸ್ಸಿನಲ್ಲಿ ಓಡಾಡುವುದು ಬೇಡ ಅಂದರು ಅಪ್ಪ. ಅವಳು ಮನೆಯಲ್ಲೇ ಕೂತು ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ ಪರೀಕ್ಷೆ ಕಟ್ಟಿದಳು. ಹಿಂದಿ ಪರೀಕ್ಷೆಗಳನ್ನು ಒಂದೊಂದಾಗಿ ಮುಗಿಸಿದಳು. ಟೈಪಿಂಗ್ ಜೂನಿಯರ್, ಸೀನಿಯರ್ ಆಯಿತು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣಕ್ಕೆ ಸೇರಿ ಬಿ.ಎ. ಮಾಡಿದಳು. ಪಾಠದ ಕಟ್ಟು ಅಂಚೆಯಲ್ಲಿ ಬರುತ್ತಿತ್ತು. ಒಲೆಯ ಮೇಲೆ ಸಾರು ಕುದಿಯುವಷ್ಟು ಹೊತ್ತು ಅವಳು ಪುಟ ತಿರುವುತ್ತಿದ್ದಳು. ಅವಳು ಅಡ್ಡದಾರಿ ಹಿಡಿದಳು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅವಳ ಮುಂದೆ ಇದ್ದದ್ದು ಅದೊಂದೇ ದಾರಿ.

ಪಾಠ ಎಲ್ಲಾದರೂ ಆಗಲಿ, ಬಂದದ್ದನ್ನು ತೋರಿಸು ಅನ್ನುವ ಪದ್ಧತಿ ನಮಗೆ ಹೊಸದಲ್ಲ. ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನೇ ನೋಡಿ. ಮಕ್ಕಳು ಮೇಷ್ಟ್ರ ಮನೆಯ ಜಗುಲಿಯಲ್ಲಿ ಕಲಿಯುತ್ತಾರೆ. ಅಂಕ ಸಿಗುವುದು ಕಲ್ಯಾಣಿಯನ್ನು ಹೇಗೆ ಹಾಡಿದರು ಅನ್ನುವುದಕ್ಕೆ, ಜಗುಲಿಗೆ ಅಲ್ಲ.

ಕ್ಲೆಪ್ ಕೂಡ ಅಷ್ಟೇ. ನಮ್ಮ ಇಲ್ಲಿನ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಮೆರಿಕದ ಕಾಲೇಜ್ ಬೋರ್ಡ್ 1967ರಿಂದ ಇದನ್ನು ನಡೆಸುತ್ತಿದೆ. ಈಗ 34 ವಿಷಯಗಳಿವೆ: ಬೀಜಗಣಿತ, ಕ್ಯಾಲ್ಕುಲಸ್, ಜೀವಶಾಸ್ತ್ರ, ಅಮೆರಿಕದ ಇತಿಹಾಸ, ಮನಶ್ಶಾಸ್ತ್ರ, ಅರ್ಥಶಾಸ್ತ್ರ, ಹೀಗೆ. ಹೆಚ್ಚಿನವು ಒಂದೂವರೆ ಗಂಟೆಯ ಪರೀಕ್ಷೆ, ಕಂಪ್ಯೂಟರಿನಲ್ಲಿ ಉತ್ತರ ಆರಿಸುವುದು. ಅಂಕ 20ರಿಂದ 80ರವರೆಗೆ. ಸಾಮಾನ್ಯವಾಗಿ 50 ಬಂದರೆ ಕ್ರೆಡಿಟ್ ಕೊಡಬಹುದು ಅಂತ ಅಲ್ಲಿನ ಶಿಕ್ಷಣ ಮಂಡಳಿಯ ಶಿಫಾರಸು. ಒಂದು ವಿಷಯಕ್ಕೆ ಮೂರು ಕ್ರೆಡಿಟ್, ಕೆಲವಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚೂ ಸಿಗುತ್ತದೆ. ಪದವಿಗೆ ಬೇಕಾದದ್ದು ಸುಮಾರು 120. ಶುಲ್ಕ ನೂರು ಡಾಲರ್‌ನ ಆಸುಪಾಸು, ಕೇಂದ್ರದವರ ಶುಲ್ಕ ಬೇರೆ. ಮಾಡರ್ನ್ ಸ್ಟೇಟ್ಸ್ ಅನ್ನುವ ಸಂಸ್ಥೆಯ ಉಚಿತ ಆನ್‌ಲೈನ್ ಪಾಠ ಮುಗಿಸಿದರೆ ಪರೀಕ್ಷೆಯ ಶುಲ್ಕವನ್ನು ಅವರೇ ಕಟ್ಟುತ್ತಾರೆ. ಅದೇ ಪಾಠವನ್ನು ಕಾಲೇಜಿಗೆ ಸೇರಿ ಕಲಿತರೆ ಎಷ್ಟು ಡಾಲರ್ ಆಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ನಿಮ್ಮ ಯಜಮಾನರ ಮಾತಿನಲ್ಲೂ ಹುರುಳಿದೆ. ಒಂದೂವರೆ ಗಂಟೆಯಲ್ಲಿ ಉತ್ತರ ಆರಿಸುವುದು ಬೇರೆ, ನಾಲ್ಕು ತಿಂಗಳು ಮೇಷ್ಟ್ರ ಮುಂದೆ ಕೂತು ವಾದ ಮಾಡುತ್ತಾ ಕಲಿಯುವುದು ಬೇರೆ. ಪ್ರಯೋಗಶಾಲೆಯ ವಾಸನೆ, ಹಾಸ್ಟೆಲಿನ ಗೆಳೆತನ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಒಪ್ಪಿದೆ. ಆದರೆ ನಿಮ್ಮ ಹುಡುಗ ಕಾಲೇಜಿಗೇ ಹೋಗಬಾರದು ಅಂತ ಇಲ್ಲಿ ಯಾರೂ ಹೇಳುತ್ತಿಲ್ಲವಲ್ಲ. ಅವನಿಗೆ ಬರುವುದನ್ನೇ ಮತ್ತೆ ದುಡ್ಡು ಕೊಟ್ಟು ಕಲಿಯುವುದು ಬೇಡ, ಆ ಹೊತ್ತಿನಲ್ಲಿ ಬಾರದ್ದನ್ನು ಕಲಿಯಲಿ, ಅಷ್ಟೇ.

ಇದನ್ನು ಅಡ್ಡದಾರಿ ಅನ್ನುವವರು ಸ್ವಲ್ಪ ಇತಿಹಾಸ ಓದಬೇಕು. 1858ರಲ್ಲಿ ಲಂಡನ್ ವಿಶ್ವವಿದ್ಯಾಲಯ ತನ್ನ ಪರೀಕ್ಷೆಯನ್ನು ಎಲ್ಲರಿಗೂ ತೆರೆಯಿತು. ಯಾವ ಕಾಲೇಜಿನಲ್ಲಿ ಓದಿದೆ ಅಂತ ಕೇಳುವುದನ್ನು ಬಿಟ್ಟಿತು. ಒಂದು ಶತಮಾನದ ನಂತರ ರಾಬನ್ ದ್ವೀಪದ ಜೈಲಿನಲ್ಲಿದ್ದ ಮಂಡೇಲಾ ಅದೇ ಲಂಡನ್ನಿನ ಕಾನೂನು ಪದವಿಗೆ ಓದುತ್ತಿದ್ದರು. ನಮ್ಮ ಕಲ್ಕತ್ತಾ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು 1857ರಲ್ಲಿ ಹುಟ್ಟಿದ್ದೂ ಲಂಡನ್ನಿನ ಮಾದರಿಯಲ್ಲೇ. ಮೊದಮೊದಲು ಅವು ಪಾಠ ಹೇಳುತ್ತಿರಲಿಲ್ಲ, ಪರೀಕ್ಷೆ ಮಾಡಿ ಪದವಿ ಕೊಡುತ್ತಿದ್ದವು. ಕ್ಲೆಪ್ ಕೂಡ ಮೊದಲಿಗೆ ಮನಸ್ಸಿನಲ್ಲಿಟ್ಟುಕೊಂಡದ್ದು ಕೆಲಸದಲ್ಲಿದ್ದ ದೊಡ್ಡವರನ್ನು, ಸೈನ್ಯದಲ್ಲಿದ್ದವರನ್ನು. ಬದುಕಿನಲ್ಲಿ ಕಲಿತದ್ದಕ್ಕೆ ಲೆಕ್ಕ ಸಿಗಲಿ ಅನ್ನುವ ಆಸೆ ಅದರ ಹಿಂದಿತ್ತು. ಮನೆಯಲ್ಲಿ ಓದುವ ಮಕ್ಕಳು ಆ ಬಾಗಿಲಿಗೆ ಆಮೇಲೆ ಬಂದವರು.

ನಮ್ಮ ದೇಶದ ಕಾಲೇಜುಗಳಲ್ಲಿ ಆ ಬಾಗಿಲೇ ಇಲ್ಲ, ನನ್ನ ಸಂಕಟ ಅದು. ನನ್ನ ಜೊತೆ ಪಿಯುಸಿ ಓದುತ್ತಿದ್ದ ಗೆಳೆಯನ ಅಪ್ಪ ಕಾಯಿಲೆ ಬಿದ್ದರು. ಇವನು ಎರಡೂವರೆ ತಿಂಗಳು ಗದ್ದೆ ನೋಡಿಕೊಂಡ. ರಾತ್ರಿ ಓದಿದ. ನಮಗೆಲ್ಲ ಲೆಕ್ಕ ಹೇಳಿಕೊಡುತ್ತಿದ್ದವನು ಅವನೇ. ಹಾಜರಾತಿ ಶೇಕಡಾ 75 ಇಲ್ಲ ಅಂತ ಪರೀಕ್ಷೆಗೆ ಕೂರಿಸಲಿಲ್ಲ. ಅವನಿಗೆ ಎಷ್ಟು ಬರುತ್ತದೆ ಅಂತ ಒಬ್ಬರೂ ಕೇಳಲಿಲ್ಲ. ಮುಂದೆ ಅವನು ಓದಲೇ ಇಲ್ಲ.

ಈಗ ಬದಲಾಗಿದೆ ಅನ್ನುತ್ತಾರೆ. ಸ್ವಲ್ಪ ಆಗಿದೆ. ಕೇಂದ್ರದ ಮುಕ್ತ ಶಾಲೆ ಎನ್‌ಐಒಎಸ್ 1989ರಿಂದ ಇದೆ, ಶಾಲೆಗೆ ಹೋಗದವರೂ ಹತ್ತು, ಹನ್ನೆರಡನ್ನು ಅಲ್ಲಿ ಬರೆಯಬಹುದು. ಬೆಂಗಳೂರಿನಲ್ಲಿ ಮನೆಪಾಠದ ಮಕ್ಕಳಿಗೆ ಅದೇ ಆಸರೆ. ಕೇಂದ್ರ ಸರ್ಕಾರದ 'ಸ್ವಯಂ' ಆನ್‌ಲೈನ್ ಪಾಠಗಳಿಂದ ಪದವಿಯ ಕ್ರೆಡಿಟ್ ಪಡೆಯಬಹುದು ಅಂತ ಯುಜಿಸಿ ನಿಯಮವನ್ನೂ ಮಾಡಿದೆ. ಆದರೆ ಅದು ಆಗಲೇ ಕಾಲೇಜಿನಲ್ಲಿರುವವರಿಗೆ. ಹದಿನೈದರ ಹುಡುಗಿಯೊಬ್ಬಳು ಮನೆಯಲ್ಲಿ ಕೂತು ಬಿ.ಎಸ್ಸಿ. ಮೊದಲ ವರ್ಷದ ಗಣಿತ ಕಲಿತರೆ ಅದನ್ನು ಎಲ್ಲಿ ತೋರಿಸಬೇಕು? 2016ರ ಸುದ್ದಿ ನಿಮಗೆ ನೆನಪಿರಬಹುದು. ಮನೆಯಲ್ಲಿ ಓದಿದ ಮುಂಬೈ ಹುಡುಗಿಗೆ ಕಂಪ್ಯೂಟರ್ ಪ್ರೋಗ್ರಾಮಿಂಗಿನ ಅಂತಾರಾಷ್ಟ್ರೀಯ ಒಲಿಂಪಿಯಾಡ್‌ನಲ್ಲಿ ಮೂರು ಪದಕ ಬಂದಿದ್ದವು. ಹನ್ನೆರಡನೇ ತರಗತಿಯ ಸರ್ಟಿಫಿಕೇಟ್ ಇಲ್ಲ ಅಂತ ಐಐಟಿಗೆ ಸೇರುವಂತಿರಲಿಲ್ಲ. ಅಮೆರಿಕದ ಎಂಐಟಿ ಕರೆದು ಸೇರಿಸಿಕೊಂಡಿತು. ನಮ್ಮಲ್ಲಿ ಅವಳಿಗೆ ಸೀಟು ಕೊಟ್ಟ ಚೆನ್ನೈ ಗಣಿತ ಸಂಸ್ಥೆಗೆ ನಾನು ಮನಸ್ಸಿನಲ್ಲೇ ಕೈ ಮುಗಿದಿದ್ದೆ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಒಂದು ಮಾತು ಬೇಜಾರಿಲ್ಲದೆ ಕೇಳಿ. ನಿಮ್ಮ ಪತ್ರದಲ್ಲಿ ನಿಮ್ಮ ಆಸೆ ಇದೆ, ಯಜಮಾನರ ಅಭಿಪ್ರಾಯ ಇದೆ, ಅತ್ತೆಯ ಮಾತಿದೆ. ಹುಡುಗನಿಗೆ ಏನಿಷ್ಟ ಅಂತ ಒಂದು ಸಾಲೂ ಇಲ್ಲ. ಅವನು ಸುಮ್ನೆ ಕೂತಾಗ ಯಾವ ಪುಸ್ತಕ ಎತ್ತಿಕೊಳ್ಳುತ್ತಾನೆ? ಮೊದಲ ಪರೀಕ್ಷೆ ಅದರದ್ದೇ ಇರಲಿ. ಇತಿಹಾಸವಾದರೆ ಇತಿಹಾಸ. 'ಸುಲಭದ್ದು ಯಾವುದು' ಅಂತ ಪಟ್ಟಿ ಹುಡುಕಿಕೊಂಡು ಹೋಗಬೇಡಿ.

ಪರೀಕ್ಷೆ ಕಟ್ಟುವ ಮೊದಲು ಅವನು ಸೇರಬಹುದಾದ ಮೂರು ನಾಲ್ಕು ಕಾಲೇಜುಗಳ ನಿಯಮ ಓದಿ. ಎಷ್ಟು ಅಂಕಕ್ಕೆ ಎಷ್ಟು ಕ್ರೆಡಿಟ್, ಒಟ್ಟು ಎಷ್ಟರವರೆಗೆ ಅನ್ನುವುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ನಿಮ್ಮ ಅದೃಷ್ಟ, ಟೆಕ್ಸಾಸ್‌ನ ಸರ್ಕಾರಿ ಕಾಲೇಜುಗಳು ಇದನ್ನು ಬರೆದು ಪ್ರಕಟಿಸಲೇಬೇಕು ಅಂತ ಕಾನೂನಿದೆ. ಮನೆಯಲ್ಲಿ ಓದಿದವರನ್ನು ಬೇರೆ ಕಣ್ಣಿನಲ್ಲಿ ನೋಡಬಾರದು ಅಂತಲೂ ಇದೆ. ಅತ್ತೆಗೆ ಇದನ್ನೇ ಹೇಳಿ. ಆದರೆ ಹಾರ್ವರ್ಡ್‌ನಂಥ ಕಡೆ ಕ್ಲೆಪ್ ನಡೆಯುವುದಿಲ್ಲ. ಮುಂದೆ ಡಾಕ್ಟರ್ ಆಗುವ ಯೋಚನೆ ಇದ್ದರೆ ಜೀವಶಾಸ್ತ್ರ, ರಸಾಯನಶಾಸ್ತ್ರಗಳನ್ನು ಕಾಲೇಜಿನಲ್ಲೇ ಕಲಿಯಲಿ. ಅನೇಕ ಮೆಡಿಕಲ್ ಕಾಲೇಜುಗಳು ಪರೀಕ್ಷೆಯ ಕ್ರೆಡಿಟ್ ಒಪ್ಪುವುದಿಲ್ಲ.

ದೊಡ್ಡ ಕಾಲೇಜುಗಳ ಕಡೆ ಕಣ್ಣಿದ್ದರೆ ಎಪಿ ಪರೀಕ್ಷೆ ನೋಡಿ, ಅದೇ ಕಾಲೇಜ್ ಬೋರ್ಡ್ ಹೈಸ್ಕೂಲು ಮಕ್ಕಳಿಗೆ ನಡೆಸುವ ಕಾಲೇಜು ಮಟ್ಟದ ಪರೀಕ್ಷೆ. ಅದು ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ. ಹೊರಗಿನ ಮಕ್ಕಳನ್ನು ಕೂರಿಸಿಕೊಳ್ಳುವ ಹೈಸ್ಕೂಲನ್ನು ನೀವೇ ಹುಡುಕಬೇಕು. ಹೆಸರು ಕೊಡುವ ಗಡುವು ನವೆಂಬರಿನಲ್ಲೇ ಮುಗಿಯುತ್ತದೆ, ಆಗಸ್ಟಿನಲ್ಲೇ ಫೋನ್ ಮಾಡಲು ಶುರುಮಾಡಿ. ಕ್ಲೆಪ್‌ಗೆ ಆ ತಾಪತ್ರಯ ಇಲ್ಲ, ವರ್ಷವಿಡೀ ಬರೆಯಬಹುದು. ಶಾಲೆಯ ಗುರುತಿನ ಚೀಟಿ ಇಲ್ಲವಲ್ಲ ಅಂತ ಹೆದರಬೇಡಿ, ಪಾಸ್‌ಪೋರ್ಟ್ ಸಾಕು. ಒಂದು ಸಲ ಫೇಲಾದರೂ ಚಿಂತೆ ಇಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ಕೂರಬಹುದು, ಮತ್ತೆ ನೀವು ಹೇಳದೆ ಆ ಅಂಕ ಯಾವ ಕಾಲೇಜಿಗೂ ಹೋಗುವುದಿಲ್ಲ. ಕ್ರೆಡಿಟ್ ಲೆಕ್ಕ ಹಾಕಿಕೊಂಡು ಹತ್ತು ಹದಿನೈದು ಪರೀಕ್ಷೆ ಮಾತ್ರ ಹೇರಬೇಡಿ. ವರ್ಷಕ್ಕೆ ಎರಡೋ ಮೂರೋ ಸಾಕು.

ಪತ್ರದ ಕೊನೆಯಲ್ಲಿ ನೀವು ಇನ್ನೊಂದು ಮಾತು ಬರೆದಿದ್ದಿರಿ, ಮೇಲೆ ಅಚ್ಚುಮಾಡಲು ಜಾಗ ಸಾಲಲಿಲ್ಲ. ಮಗ ದಿನಾ ಅಜ್ಜಿಗೆ ವಿಡಿಯೋದಲ್ಲಿ ಕನ್ನಡ ಪತ್ರಿಕೆ ಓದಿ ಹೇಳುತ್ತಾನೆ ಅಂತ. ಓದಿ ಕಣ್ಣು ತುಂಬಿ ಬಂತು. ಆದರೆ ಆ ಕನ್ನಡಕ್ಕೆ ಕ್ಲೆಪ್‌ನಲ್ಲಿ ಒಂದು ಕ್ರೆಡಿಟ್ಟೂ ಇಲ್ಲ. ಅಲ್ಲಿರುವ ಭಾಷೆಗಳು ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಮೂರೇ. ಎಪಿಯಲ್ಲೂ ಭಾರತದ ಒಂದು ಭಾಷೆಯೂ ಇಲ್ಲ, ಹಿಂದಿ ಕೂಡ. ಇಟಾಲಿಯನ್ ಇದೆ. ಅದು ಹೇಗೆ ಉಳಿಯಿತು ಗೊತ್ತಾ? 2006ರಲ್ಲಿ ಶುರುವಾಯಿತು. ಬರೆಯುವವರು ಕಡಿಮೆ ಅಂತ 2009ರ ನಂತರ ನಿಲ್ಲಿಸಿದರು. ಅಮೆರಿಕದ ಇಟಾಲಿಯನ್ನರು ಸುಮ್ಮನಿರಲಿಲ್ಲ. ಇಟಲಿ ಸರ್ಕಾರವೂ ಅವರೂ ಸೇರಿ ದುಡ್ಡು ಕೂಡಿಸಿದರು. 2012ರಲ್ಲಿ ಪರೀಕ್ಷೆ ಮತ್ತೆ ನಡೆಯಿತು.

ನಾವು ನಾಲ್ಕು ಕೋಟಿಗೂ ಹೆಚ್ಚು ಜನ. ಅಮೆರಿಕದಲ್ಲಿ ಊರೂರಿಗೂ ಕನ್ನಡ ಕೂಟ ಇದೆ, ಎರಡು ವರ್ಷಕ್ಕೊಮ್ಮೆ ಆ ಕೂಟಗಳ ಒಕ್ಕೂಟ 'ಅಕ್ಕ'ದ ಸಮ್ಮೇಳನ ಆಗುತ್ತದೆ. ಶನಿವಾರ, ಭಾನುವಾರ ಸಂಬಳವಿಲ್ಲದೆ ಮಕ್ಕಳಿಗೆ ಅಕ್ಷರ ಕಲಿಸುವ ತಾಯಂದಿರಿದ್ದಾರೆ. ಅವರ ಮಕ್ಕಳು ಕಲಿತ ಕನ್ನಡಕ್ಕೂ ಒಂದು ಪರೀಕ್ಷೆ ಕೊಡಿ ಅಂತ ಸಮ್ಮೇಳನದಲ್ಲಿ ಒಂದು ನಿರ್ಣಯ ಮಾಡಿ ಕಾಲೇಜ್ ಬೋರ್ಡಿಗೆ ಕಳಿಸಬಹುದಲ್ವಾ? ಮುಂದಿನ ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನ ಕೇಳಿದರೆ ನಾನು ಇದನ್ನೇ ಬರೆದು ಕಳಿಸುತ್ತೇನೆ. ನಿಮ್ಮ ಕೂಟದ ಯುಗಾದಿ ಸಭೆಯಲ್ಲಿ ನೀವೂ ಎದ್ದು ನಿಂತು ಕೇಳಿ. ಮಗನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ಅವನೇ ಕನ್ನಡದಲ್ಲಿ ಕೇಳಲಿ.