ಆಂಥ್ರೊಪಾಲಜಿ (ಮಾನವಶಾಸ್ತ್ರ) ಸುಮ್ನೆ ಆಸಕ್ತಿಗೆ ಓದ್ಬೇಕು ಅಂದ್ರೆ ಎಲ್ಲಿಂದ ಶುರು ಮಾಡೋದು? ಅದು ಕಾಡುಜನರ ಬಗ್ಗೆ ಅಲ್ವಾ?

ಬಿಕಾಂ ಮಾಡಿ ಬೆಂಗಳೂರಲ್ಲಿ ಕೆಲಸದಲ್ಲಿರೋರು ಇದನ್ನ ಓದಕ್ಕಾಗತ್ತಾ ಅಂತ ಕೇಳಿದೀರ. ಆರಾಮಾಗಿ ಆಗತ್ತೆ, ಮನುಷ್ಯರು ಹೇಗೆ ಬದುಕ್ತಾರೆ, ಯಾಕೆ ಹಾಗೆ ಅಂತ ನೋಡೋ ವಿದ್ಯೆ ಅಷ್ಟೇ. ಕಾಡುಜನರ ವಿಷ್ಯ ಅಂದ್ರೆ, ನಾನು ಮೈಸೂರಲ್ಲಿ ಇದೇ ಎಂಎಗೆ ಸೇರಿದಾಗ ನಮ್ಮಪ್ಪನೂ "ಇದನ್ನ ಓದಿ ಯಾವ ಕಾಡಿಗೆ ಹೋಗ್ತೀಯ" ಅಂದಿದ್ರು. ಈಗ ಬನಶಂಕರಿಲಿದೀನಿ, ದಿನಾ ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗ್ತೀನಿ, ಅದನ್ನ ಕಾಡು ಅಂತೀರಾದ್ರೆ ಸರಿ.

ಆದ್ರೆ ನಿಮ್ಮ ಅನುಮಾನ ಪೂರ್ತಿ ತಪ್ಪೇನಲ್ಲ. ಬ್ರಿಟಿಷರ ಕಾಲದಲ್ಲಿ ಈ ವಿದ್ಯೆ ಅಂದ್ರೆ ಹೆಚ್ಚುಕಮ್ಮಿ ಜನರನ್ನ ಸಾಲಾಗಿ ನಿಲ್ಲಿಸಿ ಅಳೆಯೋದೇ ಆಗಿತ್ತು, 1901ರ ಜನಗಣತಿ ನಡೆಸಿದ ರಿಸ್ಲಿ ಅನ್ನೋನು ಮೂಗಿನ ಅಗಲಕ್ಕೂ ಜಾತಿಯ ಮೇಲುಕೀಳಿಗೂ ಸಂಬಂಧ ಇದೆ ಅಂತ ನಂಬಿದ್ದ. ಮೂಗು! ಆಮೇಲೆ 1972ರಲ್ಲಿ ಲೆವಾಂಟಿನ್ ಅನ್ನೋ ವಿಜ್ಞಾನಿ ಲೆಕ್ಕ ಹಾಕಿ ತೋರಿಸಿದ್ದೇನಂದ್ರೆ, ಮನುಷ್ಯರ ನಡುವೆ ಇರೋ ಜೆನೆಟಿಕ್ ವ್ಯತ್ಯಾಸದಲ್ಲಿ ಸುಮಾರು 85% ಯಾವುದೇ ಒಂದು ಜನಸಮುದಾಯದ ಒಳಗೇ ಸಿಗತ್ತೆ, ಜನಾಂಗ ಜನಾಂಗದ ಮಧ್ಯೆ ಇರೋದು ತೀರಾ ಕಮ್ಮಿ. ಅಳೆಯೋ ಕಥೆ ಅಷ್ಟಕ್ಕೆ ಬಿಡಿ.

ನನ್ನ ಕೇಳಿದ್ರೆ ಟೆಕ್ಸ್ಟ್‌ಬುಕ್ಕಿಂದ ಶುರು ಮಾಡ್ಲೇಬೇಡಿ, ಮನೆಯಿಂದ ಮಾಡಿ. ನಮಗೆ ಕೊಟ್ಟ ಮೊದಲನೇ ಅಸೈನ್‌ಮೆಂಟೇ ನಮ್ಮ ಮನೆಯೋರ ಸಂಬಂಧದ ಚಾರ್ಟ್ ಬರೆಯೋದು, ಗಂಡಸಿಗೆ ತ್ರಿಕೋನ, ಹೆಂಗಸಿಗೆ ಸೊನ್ನೆ, ಮದುವೆಗೆ ಈಕ್ವಲ್ ಟು ಗುರುತು. ಹತ್ತು ನಿಮಿಷದ ಕೆಲಸ ಅನ್ಕೊಂಡು ಅಜ್ಜಿ ಹತ್ರ ಕೂತೆ, ಎರಡು ಸಲ ಎಲೆ ಅಡಿಕೆ ಹಾಕ್ಕೊಂಡ್ರೂ ಮುಗೀಲಿಲ್ಲ. ದೊಡ್ಡಪ್ಪನ ಮಗ, ಚಿಕ್ಕಮ್ಮನ ಮಗ, ಸೋದರಮಾವನ ಮಗ, ಮೂರು ಜನರನ್ನೂ ನಾನು ಕಸಿನ್ ಅಂತ ಬರ್ಕೊಂಡಿದ್ದೆ. ಅಜ್ಜಿ ಒಪ್ಪಲಿಲ್ಲ. ಮೊದಲ ಇಬ್ಬರು ನಿಂಗೆ ಅಣ್ಣ ತಮ್ಮ, ಮೂರನೇವನು ಭಾವ ಅಥವಾ ಬಾಮೈದ, ಎಲ್ಲಾ ಒಂದೇ ಹೇಗಾಗತ್ತೆ ಅಂದ್ರು.

ಇಲ್ಲಿ ಸ್ವಲ್ಪ ನಿಂತ್ಕೊಳಿ. ಅತ್ತೆ ಅಂದ್ರೆ ಯಾರು? ಅಪ್ಪನ ತಂಗಿ, ಸೋದರಮಾವನ ಹೆಂಡ್ತಿ, ಗಂಡನ ಅಥವಾ ಹೆಂಡ್ತಿಯ ತಾಯಿ. ಮೂರು ಸಂಬಂಧಕ್ಕೆ ಒಂದೇ ಪದ, ಯಾಕಂದ್ರೆ ಸೋದರಮಾವನ ಮಗಳನ್ನೋ ಸೋದರತ್ತೆ ಮಗಳನ್ನೋ ಮದುವೆ ಆದ್ರೆ ಆ ಅತ್ತೆನೇ ಈ ಅತ್ತೆ ಆಗ್ತಾರೆ. ಮದುವೆ ಯಾರ ಜೊತೆ ಆಗ್ಬಹುದು, ಯಾರ ಜೊತೆ ಕೂಡದು ಅನ್ನೋ ಇಡೀ ಕಾನೂನು ನಾವು ದಿನಾ ಕರೆಯೋ ಪದದೊಳಗೇ ಕೂತಿದೆ. 1871ರಲ್ಲಿ ಮಾರ್ಗನ್ ಅನ್ನೋ ಅಮೆರಿಕದ ವಕೀಲ ತನ್ನ ದೇಶದ ಇರೊಕ್ವಾ ಮೂಲನಿವಾಸಿಗಳ ಸಂಬಂಧದ ಪದಗಳನ್ನ ತಮಿಳು, ತೆಲುಗಿನ ಪದಗಳ ಜೊತೆ ಇಟ್ಟು ನೋಡಿ ಎಷ್ಟೊಂದು ಹೋಲಿಕೆ ಅಂತ ಬೆರಗಾಗಿದ್ದ. ನಮ್ಮ ಟೀಮಲ್ಲಿ ಲಕ್ನೋದವಳು ಒಬ್ಳಿದಾಳೆ, ನಮ್ಮೂರ ಕಡೆ ಅಕ್ಕನ ಮಗಳನ್ನ ಮದುವೆ ಆಗೋದೂ ಉಂಟು ಅಂದಾಗ ಊಟದ ಡಬ್ಬಿ ಮುಚ್ಚಿಟ್ಬಿಟ್ಳು. ಮಂಗಳೂರು ಕಡೆ ಅಳಿಯಸಂತಾನ, ಆಸ್ತಿ ಮಗನಿಗಲ್ಲ ತಂಗಿಯ ಮಕ್ಕಳಿಗೆ ಹೋಗ್ತಿತ್ತು ಅಂದ್ರೆ ನಮ್ಮಪ್ಪನೇ ನಂಬಲ್ಲ. 1955ರ ಹಿಂದೂ ವಿವಾಹ ಕಾಯಿದೆಲೂ ಹತ್ತಿರದ ಸಂಬಂಧದಲ್ಲಿ ಮದುವೆ ಕೂಡದು, ಆದ್ರೆ ರೂಢಿ ಇದ್ರೆ ಆಗ್ಬಹುದು ಅಂತ ಜಾಗ ಬಿಟ್ಟಿದಾರೆ. ಅರ್ಥ ಮಾಡ್ಕೊಳೋದು ಬೇರೆ, ಒಪ್ಪೋದು ಬೇರೆ, ಮನೇಲಿ ನನ್ನ ತಂಗಿಗೆ ಸಂಬಂಧದಲ್ಲಿ ಗಂಡು ನೋಡ್ತೀವಿ ಅಂದಾಗ ಬೇಡ ಅಂದಿದ್ದು ನಾನೇ.

ಶುರು ಮಾಡೋಕೆ ಎರಡನೇದು ಮುಯ್ಯಿ. ಮದುವೆ ಛತ್ರದಲ್ಲಿ ಒಬ್ರು ನೋಟ್‌ಬುಕ್ ಹಿಡ್ಕೊಂಡು ಯಾರು 501 ಕೊಟ್ರು, ಯಾರು 1001 ಕೊಟ್ರು ಅಂತ ಬರೀತಾರಲ್ಲ, ಅದು. ಮೊದಲನೇ ಮಹಾಯುದ್ಧದ ಸಮಯದಲ್ಲಿ ಮಲಿನೋವ್‌ಸ್ಕಿ ಅನ್ನೋ ಮಾನವಶಾಸ್ತ್ರಜ್ಞ ನ್ಯೂಗಿನಿ ಹತ್ರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಟೆಂಟ್ ಹಾಕ್ಕೊಂಡು ಜನರ ಮಧ್ಯೆನೇ ಇದ್ದು ಭಾಷೆ ಕಲ್ತು, ಅವರು ಚಿಪ್ಪಿನ ಹಾರ ಒಂದು ದಿಕ್ಕಿಗೆ, ಚಿಪ್ಪಿನ ತೋಳಬಂದಿ ಇನ್ನೊಂದು ದಿಕ್ಕಿಗೆ ಸಮುದ್ರ ದಾಟಿ ಕೊಟ್ಕೊಳೋದನ್ನ ಬರೆದ. ಯಾರೂ ಅದನ್ನ ಕೊನೇ ತನಕ ಇಟ್ಕೊಳಲ್ಲ, ಕೈ ಬದಲಾಗ್ತಾನೇ ಇರ್ಬೇಕು. ಅದನ್ನೆಲ್ಲ ಓದಿ ಫ್ರಾನ್ಸಿನ ವಿದ್ವಾಂಸ ಮಾರ್ಸೆಲ್ ಮೋಸ್ ಹೇಳಿದ್ದು, ಉಡುಗೊರೆ ಕೊಡ್ಲೇಬೇಕು, ಇಸ್ಕೊಳ್ಲೇಬೇಕು, ತೀರಿಸ್ಲೇಬೇಕು ಅಂತ. ನಮಗಿದು ಹೊಸದಾ ಹೇಳಿ? ಕನ್ನಡದಲ್ಲಿ ಉಡುಗೊರೆಗೂ ಮುಯ್ಯಿ, ಸೇಡಿಗೂ ಮುಯ್ಯಿ.

ಪುಸ್ತಕ ಓದ್ಲೇಬೇಕು ಅಂದ್ರೆ ನಮ್ಮ ಮೈಸೂರಿನ ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇದಾರೆ. 1948ರಲ್ಲಿ ಮೈಸೂರು ಹತ್ರದ ಒಂದು ಹಳ್ಳಿಲಿ ಇದ್ದು ನೋಟ್ಸ್ ಮಾಡಿದ್ರು, ಅದನ್ನ ವಿಂಗಡಿಸಿ ತಯಾರು ಮಾಡಿದ್ದ ಮೂರೂ ಪ್ರತಿ 1970ರಲ್ಲಿ ಸ್ಟ್ಯಾನ್‌ಫರ್ಡಲ್ಲಿ ಬೆಂಕಿ ಬಿದ್ದು ಸುಟ್ಟೋಯ್ತು. ಆಮೇಲೆ ನೆನಪಿಂದಾನೇ ಬರೆದು 1976ರಲ್ಲಿ ದಿ ರಿಮೆಂಬರ್ಡ್ ವಿಲೇಜ್ ಅಂತ ತಂದ್ರು. ಥಿಯರಿ ಭಾರ ಇಲ್ಲ, ಊರ ಮನುಷ್ಯರು ಕಣ್ಮುಂದೆ ಬರ್ತಾರೆ. ಓದೋವಾಗ ಅವರು ಬ್ರಾಹ್ಮಣರು, ಆ ಊರ ಪಟೇಲರ ಕಡೆಯ ಜಾಗದಲ್ಲಿ ಉಳ್ಕೊಂಡಿದ್ದೋರು ಅನ್ನೋದು ನೆನಪಿರ್ಲಿ, ಕೇರಿ ಕಡೆಯಿಂದ ನೋಡಿದ್ರೆ ಅದೇ ಊರು ಬೇರೆ ಥರ ಕಾಣತ್ತೆ.

ಈ ವಾರ ಊರಿಗೆ ಹೋದ್ರೆ ಮುಯ್ಯಿ ನೋಟ್‌ಬುಕ್ ಕೇಳಿ ನೋಡಿ. ಫೋಟೋ ತೆಗೆಯೋ ಮುಂಚೆ ಕೇಳಿ, ಯಾರು ಕಮ್ಮಿ ಕೊಟ್ರು ಅಂತ ಅದ್ರಲ್ಲಿರತ್ತೆ, ನಮ್ಮನೇಲಿ ಅದನ್ನ ಬೀರುಲಿ ಒಡವೆ ಜೊತೆ ಇಡ್ತಾರೆ.